ಹುಡುಗ ಒಳ್ಳೆಯವನು, ಆದರೆ ಮಾತಾಡುವುದಿಲ್ಲ

"ಹುಡುಗ ಪಾಪ, ನಾಲ್ಕು ಜನರ ಮುಂದೆ ಬಾಯಿ ಬಿಡುವವನೇ ಅಲ್ಲ." ಮದುವೆ ಮಾತುಕತೆಯಲ್ಲಿ ನಮ್ಮವರು ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಾರೆ. ಅದೇ ಹುಡುಗ ಇಂಟರ್‌ವ್ಯೂನಲ್ಲಿ ಬಾಯಿ ಬಿಡದೆ ವಾಪಸ್ ಬಂದರೆ ಆಗ ಮನೆಯಲ್ಲಿ ಚಿಂತೆ ಶುರು. ಕೂಡಲೇ ಯಾರಾದರೂ ಹೇಳುತ್ತಾರೆ, "ಅವನಿಗೆ ಸಾಫ್ಟ್ ಸ್ಕಿಲ್ ಇಲ್ಲ, ಕೋರ್ಸಿಗೆ ಹಾಕಿ." ದುಡ್ಡು ಕಟ್ಟಿ ಸೇರಿಸುತ್ತೇವೆ. ಟೈ ಕಟ್ಟುವುದು, ಕೈ ಕುಲುಕುವುದು, ಒಂದಿಷ್ಟು ಇಂಗ್ಲಿಷ್ ವಾಕ್ಯ ಕಲಿಸಿ ಸರ್ಟಿಫಿಕೇಟ್ ಕೊಡುತ್ತಾರೆ. ಇಂಗ್ಲಿಷ್ ಬೇಡ ಎಂದು ನಾನು ಹೇಳುವುದಿಲ್ಲ, ಬೇಕೇ ಬೇಕು. ಆದರೆ ಇವನು ಕನ್ನಡದಲ್ಲೂ ಮಾತಾಡುವುದಿಲ್ಲ, ಬ್ಯಾರಿಯಲ್ಲೂ ಮಾತಾಡುವುದಿಲ್ಲವಲ್ಲ!

ಈ 'ಸಾಫ್ಟ್ ಸ್ಕಿಲ್' ಎಂಬ ಪದದ ಹಿಂದೆ ಟೈ ಕಟ್ಟಿದ ಕಂಪೆನಿಯವರೇ ಇದ್ದಾರೆ ಎಂದುಕೊಳ್ಳಬೇಡಿ. 1972ರಲ್ಲಿ ಅಮೆರಿಕದ ಸೇನೆ ಇದರ ಬಗ್ಗೆ ಒಂದು ಸಮ್ಮೇಳನವನ್ನೇ ನಡೆಸಿತ್ತು. ಯಂತ್ರ ಓಡಿಸುವ ವಿದ್ಯೆ ಒಂದು ಕಡೆ, ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸುವ ವಿದ್ಯೆ ಇನ್ನೊಂದು ಕಡೆ ಎಂದು ಅವರು ವಿಂಗಡಿಸಿದ್ದರು. ಎರಡನೆಯದಕ್ಕೆ ಈ ಹೆಸರು.

ನಾನು ಮದ್ರಸದಲ್ಲಿ ಪಾಠ ಹೇಳುವುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಸೀಮೆಯಲ್ಲಿ. ನಮ್ಮ ಕರಾವಳಿಯಲ್ಲಿ ಕಾಯಿ ಒಡೆದು ಒಣಗಿಸಿ ಎಣ್ಣೆಗೆ ಹಾಕುತ್ತೇವೆ. ಇಲ್ಲಿ ಹಾಗಲ್ಲ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಈ ಉಂಡೆ ಕೊಬ್ಬರಿಗೆ ತಿಪಟೂರು ಎಪಿಎಂಸಿ ದೇಶಕ್ಕೇ ಹೆಸರಾದ ಮಾರುಕಟ್ಟೆ. ಮಾಲು ಹೆಚ್ಚಾಗಿ ಹೋಗುವುದು ಉತ್ತರ ಭಾರತಕ್ಕೆ.

ಹಿಂದೆ ದನದ ಜಾತ್ರೆಗಳಲ್ಲಿ ಟವೆಲ್ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸುತ್ತಿದ್ದರು. ಕೊಬ್ಬರಿಗೆ ಈಗ ಆನ್‌ಲೈನ್ ಟೆಂಡರ್. ಖರೀದಿದಾರರು ಕಂಪ್ಯೂಟರಿನಲ್ಲಿ ದರ ಹಾಕುತ್ತಾರೆ, ಹೆಚ್ಚು ಹಾಕಿದವರಿಗೆ ಮಾಲು. ಇನ್ನು ಮಾತಿಗೇನು ಕೆಲಸ ಎಂದು ಕೇಳಬಹುದು. ಕೆಲಸ ಶುರುವಾಗುವುದೇ ಆಮೇಲೆ. ಬಂದ ದರ ಒಪ್ಪದಿದ್ದರೆ ಮಾಲು ಕೊಡುವುದಿಲ್ಲ ಎನ್ನುವ ಹಕ್ಕು ರೈತನಿಗಿದೆ. ಆದರೆ ಆ 'ಇಲ್ಲ' ಎನ್ನುವ ಮಾತನ್ನು ಜಗಳವಿಲ್ಲದೆ ಹೇಳಲು ಬರಬೇಕು, ಮುಂದಿನ ವಾರ ಅದೇ ಮಂಡಿಗೆ ಬರುವವನಲ್ಲವೇ? 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗಲೂ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. 2025ರಲ್ಲಿ 20,000 ದಾಟಿತು. ಇಂಥ ಏರಿಳಿತದಲ್ಲಿ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ಹತ್ತು ಜನರನ್ನು ಕೇಳಿ ತಿಳಿಯುವವನು ಒಬ್ಬ, ನಾಚಿಕೊಂಡು ಸುಮ್ಮನಿರುವವನು ಇನ್ನೊಬ್ಬ.

ಒಂದು ಮಂಡಿಯಲ್ಲಿ ಕೆಲಸ ಮಾಡುವ ಹುಡುಗನನ್ನು ನಾನು ಗಮನಿಸುತ್ತಿರುತ್ತೇನೆ. ಹಮಾಲಿಯ ಮಗ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ರೈತರ ಹತ್ತಿರ ಕನ್ನಡ, ಮನೆಯಲ್ಲಿ ಉರ್ದು, ಫೋನಿನಲ್ಲಿ ಉತ್ತರದ ವ್ಯಾಪಾರಿಗಳ ಜೊತೆ ಹಿಂದಿ. ಕೋಪದಲ್ಲಿ ಬಂದ ರೈತನಿಗೆ ಮೊದಲು "ಕೂತ್ಕಳಿ ಯಜಮಾನ್ರೇ" ಎನ್ನುತ್ತಾನೆ, ಮಾತು ಪೂರ್ತಿ ಕೇಳುತ್ತಾನೆ, ಆಮೇಲೆ ತೂಕದ ಚೀಟಿ ತೆಗೆಯುತ್ತಾನೆ. ಯಾವ ಕೋರ್ಸಿಗೂ ಹೋದವನಲ್ಲ.

ಇನ್ನೊಬ್ಬ ಡಿಪ್ಲೊಮಾ ಮಾಡಿದವನು, ನನ್ನ ಹತ್ತಿರ ಓದಿದ ಹುಡುಗ. ಈ ಕಡೆಯ ಒಂದು ಕಾಯಿಪುಡಿ ಫ್ಯಾಕ್ಟರಿಗೆ ಸೇರಿದ. ಪುಡಿಯಲ್ಲಿ ನೀರಿನಂಶ ಸುಮಾರು ಶೇ. 3ಕ್ಕಿಂತ ಹೆಚ್ಚು ಉಳಿಯಬಾರದು. ಒಂದು ದಿನ ಡ್ರೈಯರ್ ಸರಿಯಾಗಿ ಕಾಯುತ್ತಿಲ್ಲ ಎಂದು ಬೆಳಗ್ಗೆಯೇ ಅವನಿಗೆ ಗೊತ್ತಾಯಿತು. ಹೇಳಲಿಲ್ಲ. ಆ ದಿನದ ಮಾಲು ಪೂರ್ತಿ ಹಾಳು. ಯಾಕಪ್ಪಾ ಹೇಳಲಿಲ್ಲ ಎಂದರೆ, "ಸೂಪರ್‌ವೈಸರ್ ದೊಡ್ಡವರಲ್ವಾ ಉಸ್ತಾದ್, ಅವರಿಗೆ ಗೊತ್ತಿಲ್ಲದೆ ಇರ್ತದಾ? ನಾನು ಹೇಗೆ ಹೇಳೋದು?" ಮೂರು ತಿಂಗಳಲ್ಲಿ ಕೆಲಸ ಬಿಟ್ಟು ಮನೆಗೆ ಬಂದ. ಮನೆಯವರು ಅದು ವಿಧಿ ಎಂದರು.

ಈ ಪಾಠ ಅವನು ಕಲಿತದ್ದು ಫ್ಯಾಕ್ಟರಿಯಲ್ಲಿ ಅಲ್ಲ, ನಮ್ಮಲ್ಲೇ. ದೊಡ್ಡವರ ಮಧ್ಯೆ ಮಾತಾಡಬೇಡ ಎಂದು ಉಪ್ಪ ಹೇಳುತ್ತಾರೆ, ಸುಮ್ಮನೆ ಕೂತುಕೋ ಎಂದು ಉಮ್ಮ ಹೇಳುತ್ತಾರೆ. ಜಮಾಅತ್ ಮೀಟಿಂಗಿನಲ್ಲಿ ಹುಡುಗರಿಗೆ ಕುರ್ಚಿ ಹಾಕುವ, ಚಾ ಹಂಚುವ ಕೆಲಸ. ಲೆಕ್ಕ ಓದುವವರು ಇಪ್ಪತ್ತು ವರ್ಷದಿಂದ ಒಬ್ಬರೇ. ಆಮೇಲೆ ನಮ್ಮಲ್ಲಿ ನಾಯಕರೇ ಇಲ್ಲ ಎಂದು ಭಾಷಣ ಮಾಡುತ್ತೇವೆ. ಎಲ್ಲಿಂದ ಬರಬೇಕು? ಈ ವರ್ಷದ ಲೆಕ್ಕವನ್ನು ಒಬ್ಬ ಬಿಕಾಂ ಹುಡುಗನ ಕೈಯಲ್ಲಿ ಓದಿಸಿ, ಪ್ರಶ್ನೆ ಬಂದರೆ ಅವನೇ ಉತ್ತರ ಹೇಳಲಿ. ತಡವರಿಸಿದರೆ ತಡವರಿಸಲಿ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇನ್ನೂ ವಿಚಿತ್ರ. ಪಿಯುಸಿಯಲ್ಲಿ ಒಳ್ಳೆಯ ಮಾರ್ಕ್ ತೆಗೆದ ತಂಗಿ ಮನೆಯಲ್ಲಿ ಕೂತಿರುತ್ತಾಳೆ, ಅವಳ ಸ್ಕಾಲರ್‌ಶಿಪ್ ಅರ್ಜಿ ಹಿಡಿದುಕೊಂಡು ಏನೂ ಗೊತ್ತಿಲ್ಲದ ಅಣ್ಣ ಬ್ಯಾಂಕಿಗೆ ಹೋಗುತ್ತಾನೆ.

ಅದಬ್ ಹೋಗುತ್ತದೆ ಎಂದು ಹೆದರುವವರು ಮೂಸಾ ನಬಿಯವರ ಚರಿತ್ರೆ ನೆನಪಿಸಿಕೊಳ್ಳಲಿ. ಮಾತು ಸರಾಗವಿಲ್ಲ ಎಂದು ಅವರು ಹೊಣೆಯಿಂದ ಹಿಂದೆ ಸರಿಯಲಿಲ್ಲ. ನಾಲಿಗೆಯ ತೊಡಕು ಬಿಡಿಸು ಎಂದು ಪ್ರಾರ್ಥಿಸಿದರು, ಜೊತೆಗೆ ಸಹೋದರ ಹಾರೂನರನ್ನು ಕೇಳಿಕೊಂಡರು, ಫಿರ್ಔನನ ಎದುರಿಗೆ ಹೋಗಿ ನಿಂತರು.

ಮದ್ರಸದಲ್ಲೂ ಮಾಡಬಹುದಾದದ್ದು ಇದೆ. ಮೀಲಾದ್ ಕಾರ್ಯಕ್ರಮಕ್ಕೆ ಉಸ್ತಾದರು ಬರೆದುಕೊಟ್ಟ ಭಾಷಣವನ್ನು ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಮೈಕಿನ ಹೆದರಿಕೆ ಹೋಗುತ್ತದೆ, ಅದು ಒಳ್ಳೆಯದೇ. ಆದರೆ ಮಧ್ಯದಲ್ಲಿ ಒಂದು ಪ್ರಶ್ನೆ ಕೇಳಿದರೆ ಪೂರ್ತಿ ಮೌನ. ಅದಕ್ಕೆ ನಮ್ಮಲ್ಲಿ ಈಗ ವಾರಕ್ಕೊಮ್ಮೆ ಒಬ್ಬ ಹುಡುಗ ಐದು ನಿಮಿಷ ಮಾತಾಡಿದ ಮೇಲೆ ಬೇರೆ ಇಬ್ಬರು ಪ್ರಶ್ನೆ ಕೇಳಲೇಬೇಕು. "ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ" ಎಂಬುದೂ ಸರಿಯುತ್ತರವೇ. ಆದರೆ ಮುಂದಿನ ವಾರ ಹೇಳಬೇಕು.

ಇದರಿಂದ ದೂರು ಬಂದದ್ದೂ ಉಂಟು. ಒಬ್ಬ ಹುಡುಗನ ಉಪ್ಪ ಬಂದು, "ಉಸ್ತಾದ್, ಇವನು ಮನೆಯಲ್ಲೂ ಎದುರು ಪ್ರಶ್ನೆ ಹಾಕ್ತಾನೆ" ಎಂದರು. ಏನು ಕೇಳಿದ ಎಂದೆ. ಈ ತಿಂಗಳು ಕರೆಂಟ್ ಬಿಲ್ ಯಾಕೆ ಜಾಸ್ತಿ ಬಂತು ಎಂದು ಕೇಳಿದನಂತೆ. ಬಿಲ್ಲನ್ನು ಅವನ ಕೈಗೇ ಕೊಟ್ಟು ಬೆಸ್ಕಾಂ ಆಫೀಸಿಗೆ ಕಳಿಸಿ, ಜೊತೆಗೆ ನೀವೂ ಹೋಗಿ, ಆದರೆ ಮಾತು ಅವನೇ ಆಡಲಿ ಎಂದು ಹೇಳಿ ಕಳುಹಿಸಿದೆ.