ಸೂಟಿ ಬ್ಯಾರೆ, ನಿದ್ದಿ ಬ್ಯಾರೆ

2025ರ ಡಿಸೆಂಬರ್ ಮೊದಲನೇ ವಾರದಾಗ ನಮ್ಮ ಹುಬ್ಬಳ್ಳಿಯೊಳಗ ಆದ ಆ ಆರತಕ್ಷತೆ ಸುದ್ದಿ ನೆನಪದ ಅಲ್ರೀ? ಮಂದಿ ನೆರೆದಿದ್ರು, ಊಟ ತಯಾರಿತ್ತು, ಮದುಮಕ್ಕಳೇ ಬಂದಿರಲಿಲ್ಲ. ಭುವನೇಶ್ವರದಿಂದ ಬರೋ ವಿಮಾನ ರದ್ದಾಗಿತ್ತು. ಕಡೀಕ ಹುಡುಗಿ ತಂದಿ-ತಾಯಿ ಆ ಕುರ್ಚಿ ಮ್ಯಾಲೆ ಕೂತ್ರು, ಮದುಮಕ್ಕಳು ಅಲ್ಲಿಂದನ ಪರದೆ ಮ್ಯಾಲೆ ಕಾಣಿಸಿಕೊಂಡ್ರು.

ಆ ವಾರ ನಮ್ಮ ಓಣ್ಯಾಗ ಒಂದೇ ಮಾತು. "ಲಕ್ಷಗಟ್ಟಲೆ ಪಗಾರ ತಗೋತಾರ, ಮ್ಯಾಲೆ ನಿದ್ದಿ ಸಾಲೂದಿಲ್ಲಂತ ಈ ಪೈಲಟ್‌ಗಳಿಗೆ!" ಸುಳ್ಳ್ಯಾಕ ಹೇಳ್ಲಿ, ನಾನೂ ಹೂಂ ಅಂದೆ. ಆಮ್ಯಾಲೆ ಆ ಹೊಸ ನಿಯಮ ಏನದ ಅಂತ ಕೂತು ಓದಿದೆ. ಓದಿದ ಮ್ಯಾಲೆ ನನ್ನ ಹೂಂ ವಾಪಸ್ ತಗೊಂಡೀನಿ.

ನಿಯಮ ಇಷ್ಟ. ವಿಮಾನ ಕಂಪನಿಗಳ ಮ್ಯಾಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಡಿಜಿಸಿಎ. ಪೈಲಟ್‌ಗಳಿಗೆ ವಾರಕ್ಕೊಮ್ಮೆ ಒಂದೇ ಸವನೆ 36 ತಾಸು ಬಿಡುವು ಕೊಡಬೇಕು ಅಂತ ಮೊದಲಿತ್ತು. ಅದನ್ನ 48 ತಾಸು ಮಾಡ್ಯಾರ, ಅದರಾಗ ಎರಡು ರಾತ್ರಿ ಬರಲೇಬೇಕು. ರಾತ್ರಿ ಅಂದ್ರ 12ರಿಂದ 5 ಅಂತ ಇದ್ದದ್ದು 6ರ ತನಕ ಆತು. ರಾತ್ರಿ ಪಾಳಿಯೊಳಗ ಆರು ಸಲ ವಿಮಾನ ಇಳಿಸಬಹುದಿತ್ತು, ಈಗ ಎರಡೇ ಸಲ. ಸಾಲಾಗಿ ಎರಡು ರಾತ್ರಿಗಿಂತ ಹೆಚ್ಚು ಪಾಳಿ ಹಾಕೂಹಂಗಿಲ್ಲ.

"ಎರಡು ರಾತ್ರಿ ಬರಲೇಬೇಕು" ಅನ್ನೋದು ಯಾಕ ಅಂತ ಕೂಸು ಸಾಕಿದ ಹೆಂಗಸರಿಗೆ ಯಾರೂ ಬಿಡಿಸಿ ಹೇಳೂದು ಬ್ಯಾಡ. ರಾತ್ರಿಯೆಲ್ಲಾ ಎರಡೆರಡು ತಾಸಿಗೆ ಎದ್ದು, ಹಗಲಿ ಮಲಗು ಅಂದ್ರ ಎಲ್ಲಿ ಮಲಗೂದು? ಕುಕ್ಕರ್ ಸೀಟಿ, ಕಾಯಿಪಲ್ಲೆಯವನ ಕೂಗು, ಯಾರರೆ ಬಂದು ಬಾಗಲಾ ಬಡಿಯೋದು. ಹಾಸಿಗಿ ಮ್ಯಾಲೆ ಎಂಟು ತಾಸು ಬಿದ್ದಿರಬಹುದು, ನಿದ್ದಿ ಲೆಕ್ಕಕ್ಕ ಬರೂದಿಲ್ಲ. ಆ ದಿನದಾಗ ನಾ ಚಹಾಕ್ಕ ಸಕ್ಕರಿ ಅಂತ ಉಪ್ಪು ಹಾಕೀನಿ, ಒಲಿ ಮುಂದ ನಿಂತಕೊಂಡೇ ಹಾಲು ಉಕ್ಕಿಸೀನಿ. ನಸುಕಿನ ಎರಡರಿಂದ ಆರರ ತನಕ ಮನುಷ್ಯನ ಮೈ-ಮನಸ್ಸು ಎಲ್ಲಾಕಿಂತ ಮಂದ ಇರ್ತದ ಅಂತ ವಿಮಾನದ ನಿಯಮದಾಗೂ ಬರದಾರ.

ನನ್ನ ತೂಕಡಿಕೆಗೆ ಹೋದದ್ದು ಒಂದು ಪಾತೇಲಿ ಹಾಲು. ಅವರ ತೂಕಡಿಕೆಗೆ ಏನು ಹೋಗ್ತದ ಅನ್ನೋದನ್ನ ನಮ್ಮ ಮಂಗಳೂರು ಕಂಡದ. 2010ರ ಮೇ 22, ಮುಂಜಾನೆ ಆರರ ಸುಮಾರಿಗೆ, ದುಬೈದಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕೆಳಗಿನ ಕಣಿವಿಗೆ ಬಿತ್ತು. 158 ಮಂದಿ ಹೋದ್ರು, ಉಳದವರು ಎಂಟೇ ಮಂದಿ. ಕಾಕ್‌ಪಿಟ್‌ನಾಗ ಮುದ್ರಣ ಆದ ಸಪ್ಪಳ ಕೇಳಿದಾಗ ತನಿಖೆ ಮಾಡಿದವರಿಗೆ ಕ್ಯಾಪ್ಟನ್ ಗೊರಕೆ ಕೇಳಿಸ್ತು. ಎದ್ದ ಮ್ಯಾಲೂ ಮಂಪರು ಹರಿದಿರಲಿಕ್ಕಿಲ್ಲ ಅಂತ ವರದಿಯೊಳಗ ಬಂತು. ವಿಮಾನ ಇಳಿಸಬ್ಯಾಡ್ರಿ, ಮತ್ತ ಮ್ಯಾಲೆ ಒಯ್ಯೋಣ ಅಂತ ಬಾಜೂಕ ಕೂತ ಸಹಪೈಲಟ್ ಮೂರು ಸಲ ಎಚ್ಚರಿಸಿದ್ರೂ ಕ್ಯಾಪ್ಟನ್ ಇಳಿಸಿಬಿಟ್ರು. ನಿದ್ದಿ ಒಂದೇ ಕಾರಣ ಅಂತ ನಾ ಅನ್ನೂದಿಲ್ಲ. ಆದ್ರ ಆ ಗೊರಕೆ ಸುದ್ದಿ ಓದಿದವರು ನಿದ್ದಿ ಕೇಳೋ ಪೈಲಟ್‌ಗೆ ಸೋಂಬೇರಿ ಅನ್ನಬಾರದು.

ಹಂಗಾರ ಡಿಸೆಂಬರ್ ಗದ್ದಲಕ್ಕ ತಪ್ಪು ಯಾರದು? ಈ ನಿಯಮ ಹೊರಗ ಬಂದದ್ದು 2024ರ ಜನವರಿಯೊಳಗ. ಅದೇ ವರ್ಷ ಜೂನ್‌ನಾಗ ಜಾರಿ ಆಗಬೇಕಿತ್ತು, ಮುಂದಕ್ಕ ಹೋತು. ಪೈಲಟ್‌ಗಳ ಸಂಘದವರು ದಿಲ್ಲಿ ಹೈಕೋರ್ಟಿಗೆ ಹೋದ ಮ್ಯಾಲೆ ಅರ್ಧ 2025ರ ಜುಲೈಯಾಗ, ಉಳದರ್ಧ ನವೆಂಬರ್ 1ಕ್ಕ ಬಂತು. ಲಗ್ನದ ತಿಥಿ ವರ್ಷದ ಹಿಂದ ಗೊತ್ತಿದ್ದೂ ಅಡಗಿಯವರಿಗೆ ಹೇಳದ, ಪಂಕ್ತಿ ಕೂತ ಮ್ಯಾಲೆ "ತಿಥೀನೇ ಸರಿ ಇಲ್ಲ" ಅಂದ್ರ ನಡೀತದೇನ್ರಿ? ದೇಶದಾಗ ಎಲ್ಲಾಕಿಂತ ದೊಡ್ಡ ಕಂಪನಿ ಇಂಡಿಗೋ. ಲೆಕ್ಕಾಚಾರ ತಪ್ಪಿತು ಅಂತ ಅವರೇ ಒಪ್ಪಿಕೊಂಡ್ರು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕಿಂತ ಹೆಚ್ಚು ವಿಮಾನ ರದ್ದಾದ್ವು. ಆದ್ರೂ ನಮ್ಮ ಬೈಗುಳೆಲ್ಲಾ ಹೋದದ್ದು ನಿದ್ದಿ ಮ್ಯಾಲೆ.

ಸರ್ಕಾರನೂ ಮಣೀತು. ಇಂಡಿಗೋಗೆ ರಾತ್ರಿ ಪಾಳಿ ನಿಯಮದಿಂದ 2026ರ ಫೆಬ್ರುವರಿ 10ರ ತನಕ ವಿನಾಯಿತಿ ಕೊಟ್ಟರು. ಇದು ತುರ್ತಿಗೆ ಅಂತ ಒಪ್ಪೋಣ. ನನಗ ಚುಚ್ಚಿದ್ದು ಇನ್ನೊಂದು. ಸೂಟಿ ತಗೊಂಡದ್ದನ್ನ ವಾರದ ಬಿಡುವು ಅಂತ ಲೆಕ್ಕ ಹಿಡೀಬಾರದು ಅಂತ ಒಂದು ಸಾಲಿತ್ತು. ಅದನ್ನ ಎಲ್ಲಾ ಕಂಪನಿಗಳಿಗೂ ತಗದುಬಿಟ್ರು. ಅಂದ್ರ ತಾಯಿ ಆಪರೇಷನ್ನಿಗೆ ಅಂತ ಸೂಟಿ ಹಾಕಿ ದವಾಖಾನಿ ಬೆಂಚಿನ ಮ್ಯಾಲೆ ಎರಡು ರಾತ್ರಿ ಕೂತು ಬಂದ ಪೈಲಟ್‌ಗೆ, "ನಿನ್ನ ಬಿಡುವು ಆತಲ್ಲ, ವಿಮಾನ ಹತ್ತು" ಅನ್ನಬಹುದು.

ಈ ಲೆಕ್ಕ ನಮಗೇನು ಹೊಸದಲ್ಲ. ತಮ್ಮನ ಲಗ್ನಕ್ಕ ತವರಿಗೆ ಹೋಗಿ, ನಾಲ್ಕು ದಿನ ಶಾವಿಗಿ, ಉಂಡಿ, ಬೀಗರ ಉಪಚಾರ ಅಂತ ಒದ್ದಾಡಿ ಮನಿಗೆ ಬಂದ್ರ, "ನಾಲ್ಕು ದಿನ ಆರಾಮ ಇದ್ದು ಬಂದಿ ಅಲ್ಲ, ಇನ್ನ ಅಡಗಿ ಮಾಡು" ಅಂತಾರಲ್ಲ, ಥೇಟ್ ಅದೇ. ಮನಿಯೊಳಗ ಇಲ್ಲ ಅಂದ್ರ ಆರಾಮ ಅಂತ ತಿಳಿಯೋ ಮಂದಿ, ವಿಮಾನದಾಗ ಇಲ್ಲ ಅಂದ್ರ ನಿದ್ದಿ ಅಂತ ತಿಳೀತಾರ.

ಹೆಚ್ಚು ಪೈಲಟ್‌ಗಳನ್ನ ಇಟ್ಟುಕೊಂಡ್ರ ಖರ್ಚು ಏರ್ತದ, ಟಿಕೆಟ್ ತುಟ್ಟಿ ಆದೀತು, ನಡುರಾತ್ರಿ ವಿಮಾನ ಕಡಿಮಿ ಆದಾವು. ಆಗಲಿ ಬಿಡ್ರಿ. ಮಕ್ಕಳು ಪರಊರಿನಿಂದ ನಸುಕಿನ್ಯಾಗ ಬಂದು ಇಳಿಯೋ ಮನಿಗಳು ನಮ್ಮವು. ಅವರು ಒಂದಿನ ತಡಾ ಬಂದ್ರೂ ನಡೀತದ. ಇನ್ನೊಮ್ಮೆ "ಪೈಲಟ್ ಪಾಳಿ ಮುಗದದ, ವಿಮಾನ ತಡ" ಅಂತ ಕೇಳಿದ್ರ ಬೈಯೂಕಿಂತ ಮೊದಲ, ನಿದ್ದಿಗೆಟ್ಟು ಒಲಿ ಮುಂದ ನಿಂತ ನಿಮ್ಮ ದಿನ ನೆನಸ್ಕೋರಿ.