ಅಪ್ಪನ ಅಂಗಡಿಯ ನಂಬರ್ ಯಾರ ಬಳಿ ಇದೆ?

ನಮ್ಮಪ್ಪನದು ಹೂವಿನಹಡಗಲಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟಾರ್ ಸುಟ್ಟರೆ ಅದನ್ನು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವ ಕೆಲಸ. ಬೇಸಿಗೆಯಲ್ಲಿ ವೋಲ್ಟೇಜ್ ಏರುಪೇರಾದಷ್ಟೂ ಅಪ್ಪನಿಗೆ ಕೈತುಂಬ ಕೆಲಸ. ಮಲ್ಲಿಗೆ ತೋಟದವರಿಗೂ ಅದೇ ಹೊತ್ತಿನಲ್ಲಿ ನೀರು ಬೇಕು. ಹಾಗಾಗಿ ಮೋಟಾರ್ ಸುಟ್ಟ ರೈತರು ಬೆಳಗಿನ ಐದು ಗಂಟೆಗೇ ಫೋನ್ ಮಾಡುತ್ತಾರೆ. ಅಪ್ಪ ಹಲ್ಲುಜ್ಜುತ್ತಲೇ ‘ತರ್ರಿ, ತರ್ರಿ’ ಅನ್ನುತ್ತಾರೆ.

ಹೋದ ವರ್ಷದ ಬೇಸಿಗೆಯಲ್ಲಿ ನಾನು ದಾವಣಗೆರೆಯ ಹಾಸ್ಟೆಲ್‌ನಿಂದ ರಜೆಗೆ ಬಂದಿದ್ದೆ. ಮೈಲಾರದ ಕಡೆಯ ರೈತರೊಬ್ಬರು ಅಂಗಡಿಗೆ ಬಂದು, ‘ಏನ್ರೀ ಮಿಸ್ತ್ರಿ, ನಾಕ್ ಸಲ ಫೋನ್ ಹಚ್ಚೀನಿ, ಒಮ್ಮೆನೂ ಎತ್ಲಿಲ್ಲ. ಅಂಗಡಿ ಬಂದ್ ಮಾಡ್ಯಾರ ಅಂತ ತಿಳದು ಮೋಟಾರ್ ಹೊತ್ಕೊಂಡು ರಾಣೆಬೆನ್ನೂರಿಗೆ ಹೋಗಿದ್ದೆ’ ಅಂದರು. ಅಪ್ಪನಿಗೆ ಆಶ್ಚರ್ಯ. ‘ನನ್ನ ಫೋನ್ ರಿಂಗೇ ಆಗಿಲ್ಲಲ್ರಿ’ ಎಂದರು. ಆ ರೈತರು ಮೊಬೈಲ್ ತೆರೆದು ನಂಬರ್ ತೋರಿಸಿದರು. ನಾನು ಬಗ್ಗಿ ನೋಡಿದೆ. ಅದು ನನ್ನ ನಂಬರ್!

ತಪ್ಪು ನನ್ನದೇ. ದ್ವಿತೀಯ ಪಿಯುಸಿಯಲ್ಲಿದ್ದಾಗ ಉತ್ಸಾಹದಲ್ಲಿ ಅಪ್ಪನ ಅಂಗಡಿಯನ್ನು ಗೂಗಲ್ ನಕ್ಷೆಗೆ ಸೇರಿಸಿದ್ದೆ. ಅಪ್ಪನದು ಬಟನ್ ಫೋನ್. ಆದ್ದರಿಂದ ನನ್ನ ಜಿಮೇಲ್, ನನ್ನ ನಂಬರ್ ಕೊಟ್ಟಿದ್ದೆ. ಖಾತ್ರಿಗಾಗಿ ಒಂದು ಕೋಡ್ ಅಂಚೆಯಲ್ಲಿ ಬಂದಿತ್ತು. ಆನ್‌ಲೈನ್ ಲೋಕಕ್ಕೆ ಸೇರಲು ಪೋಸ್ಟ್‌ಮ್ಯಾನ್‌ಗಾಗಿ ಕಾಯಬೇಕಾಯಿತಲ್ಲ ಎಂದು ಮನೆಯವರೆಲ್ಲ ನಕ್ಕಿದ್ದೆವು. ಆಮೇಲೆ ನಾನು ಓದಲು ದಾವಣಗೆರೆಗೆ ಹೋದೆ. ಗೊತ್ತಿಲ್ಲದ ನಂಬರ್‌ಗಳಿಂದ ಕರೆ ಬಂದಾಗಲೆಲ್ಲ ಯಾವುದೋ ಸಾಲದ ಕಂಪನಿಯದ್ದೆಂದು ಕಟ್ ಮಾಡುತ್ತಿದ್ದೆ. ಅವರಲ್ಲಿ ಎಷ್ಟು ಮಂದಿ ಮೋಟಾರ್ ಸುಟ್ಟುಕೊಂಡ ರೈತರಿದ್ದರೋ! ಅಂಗಡಿಯ ಹೆಸರಿನ ಕೆಳಗೆ ಒಂದೇ ನಕ್ಷತ್ರದ ವಿಮರ್ಶೆಗಳು ಎರಡು ಬಿದ್ದಿದ್ದವು. ಎರಡರಲ್ಲೂ ಒಂದೇ ದೂರು: ‘ಫೋನ್ ಎತ್ತುವುದಿಲ್ಲ’. ಮೂವತ್ತು ವರ್ಷ ಒಂದು ಕರೆಯನ್ನೂ ತಪ್ಪಿಸದ ಮನುಷ್ಯನಿಗೆ ಸಿಕ್ಕ ಸರ್ಟಿಫಿಕೇಟ್ ಅದು.

ಅಪ್ಪ ಬೈಯಲಿಲ್ಲ. ‘ಅದೇನ್ ಹಾಕಿಯಲ್ಲ, ಅದನ್ನ ತಗದ್ಬಿಡವಾ. ಮೊದಲು ಬುಕ್ಕಿನ್ಯಾಗ ಇತ್ತು, ಚಲೋ ಇತ್ತು’ ಅಂದರು ಅಷ್ಟೆ.

ಆ ‘ಬುಕ್ಕು’ ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ. ಊರಿನ ಪ್ರಿಂಟಿಂಗ್ ಪ್ರೆಸ್ಸಿನವರು ಹಿಂದೆ ತಂದಿದ್ದ ವ್ಯಾಪಾರಿಗಳ ಕೈಪಿಡಿ. ಗೊಬ್ಬರದ ಅಂಗಡಿ, ದಲಾಲಿ ಅಂಗಡಿ, ಬಟ್ಟೆ ಅಂಗಡಿ, ಔಷಧಿ ಅಂಗಡಿ, ಶಾಮಿಯಾನದವರು, ಕೊನೆಯಲ್ಲಿ ಬಸ್ಸಿನ ವೇಳಾಪಟ್ಟಿ. ಎಲ್ಲರ ನಂಬರಿಗೂ ಮೊದಲು 08399. ಜೊತೆಗೆ ದೂರವಾಣಿ ಇಲಾಖೆಯ ದಪ್ಪ ಡೈರೆಕ್ಟರಿಯೂ ಇತ್ತು. ನಮ್ಮ ಓಣಿಯಲ್ಲಿ ಫೋನ್ ಇದ್ದವರ ಮನೆಗೆ ಹೋಗಿ ಅದರ ಪುಟ ತಿರುವಿ ನಂಬರ್ ಹುಡುಕಿ ಬರುತ್ತಿದ್ದರಂತೆ.

ಇಂಥ ಪುಸ್ತಕಗಳ ಕಥೆ ಜಗತ್ತಿನ ಎಲ್ಲ ಕಡೆಯೂ ಒಂದೇ. 1878ರ ಫೆಬ್ರುವರಿಯಲ್ಲಿ ಅಮೆರಿಕದ ನ್ಯೂ ಹೇವನ್ ಎಂಬ ಊರಿನಲ್ಲಿ ಬಂದ ಮೊದಲ ಟೆಲಿಫೋನ್ ಡೈರೆಕ್ಟರಿ ಒಂದೇ ಹಾಳೆಯದ್ದು. ಅದರಲ್ಲಿ ಇದ್ದದ್ದು 50 ಹೆಸರು, ನಂಬರ್ ಒಂದೂ ಇರಲಿಲ್ಲ. ಆಪರೇಟರ್‌ಗೆ ಹೆಸರು ಹೇಳಿದರೆ ಸಾಕಿತ್ತು. ಬ್ರಿಟನ್ನಿನ ಹಳದಿ ಪುಟಗಳು 1966ರಲ್ಲಿ ಬ್ರೈಟನ್ ನಗರದಲ್ಲಿ ಶುರುವಾದವು. 2019ರ ಜನವರಿಯಲ್ಲಿ ಕೊನೆಯ ಪ್ರತಿಗಳನ್ನು ಹಂಚಿದ್ದೂ ಅದೇ ಬ್ರೈಟನ್‌ನಲ್ಲಿ. ನಮ್ಮಲ್ಲಿ 1996ರಲ್ಲಿ ಶುರುವಾದ ಜಸ್ಟ್ ಡಯಲ್, ಪುಸ್ತಕ ತೆರೆಯುವ ಬದಲು ಫೋನ್ ಮಾಡಿ ಕೇಳುವ ರೂಢಿ ತಂದಿತು. ಆಮೇಲೆ ಮನೆಮನೆಯ ಲ್ಯಾಂಡ್‌ಲೈನ್ ಹೋಯಿತು, ಮೊಬೈಲ್ ಬಂತು. ಮೊಬೈಲ್ ನಂಬರ್‌ಗಳನ್ನು ಯಾವ ಇಲಾಖೆಯೂ ಪುಸ್ತಕ ಮಾಡಿ ಹಂಚಲಿಲ್ಲ. ಡೈರೆಕ್ಟರಿ ಸತ್ತದ್ದು ಇಂಟರ್‌ನೆಟ್‌ನಿಂದ ಎನ್ನುತ್ತೇವೆ. ನಮ್ಮಂಥ ಊರುಗಳಲ್ಲಿ ಇಂಟರ್‌ನೆಟ್ ಬರುವ ಮೊದಲೇ, ಎಲ್ಲರ ಜೇಬಿಗೆ ಸಿಮ್ ಬಂದ ದಿನದಿಂದಲೇ ಅದು ಉಸಿರು ಬಿಡತೊಡಗಿತ್ತು.

ಅಪ್ಪ ಹೇಳುವಷ್ಟು ಚಲೋ ಆ ಪುಸ್ತಕ ಇತ್ತೇ? ರಜೆಯಲ್ಲಿ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಪುಟಪುಟ ಓದಿದೆ. ಅದರಲ್ಲಿ ಮಲ್ಲಿಗೆ ಕಟ್ಟುವ ಒಬ್ಬ ಹೆಂಗಸಿನ ಹೆಸರೂ ಇಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಊರಿನ ಹೆಸರಿನಲ್ಲೇ ಹೂವಿದೆ. ಊರಿನ ಪುಸ್ತಕದಲ್ಲಿ ಮಾತ್ರ ಹೂವಿನವರಿಲ್ಲ! ಚಪ್ಪಲಿ ಹೊಲಿಯುವವರು, ಸೈಕಲ್ ಪಂಕ್ಚರ್‌ನವರು, ಮನೆಯಲ್ಲೇ ಬ್ಲೌಸ್ ಹೊಲಿಯುವ ಅಕ್ಕಂದಿರು ಯಾರೂ ಇಲ್ಲ. ಫೋನ್ ಇದ್ದವರು, ಜಾಹೀರಾತಿಗೆ ದುಡ್ಡು ಕೊಟ್ಟವರು ಮಾತ್ರ ಇದ್ದಾರೆ. ದೊಡ್ಡ ಅಂಗಡಿಗೆ ಅರ್ಧ ಪುಟ, ಅಪ್ಪನಿಗೆ ಒಂದು ಸಾಲು. ಆದ್ದರಿಂದ ‘ಆ ಕಾಲವೇ ಚೆಂದ’ ಎಂದು ಹಾಡಲು ನನಗೆ ಮನಸ್ಸಿಲ್ಲ.

ಆನ್‌ಲೈನ್‌ನಿಂದ ಆದ ಒಳ್ಳೆಯದನ್ನೂ ಕಣ್ಣಾರೆ ಕಂಡಿದ್ದೇನೆ. ನಮ್ಮ ಓಣಿಯ ಚಿಗವ್ವ ಒಬ್ಬರು ಮೊದಲು ಬುಟ್ಟಿ ಹೊತ್ತು ಹೂವು ಮಾರುತ್ತಿದ್ದರು. ಈಗ ಮದುವೆ ಹಾರದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ. ಹಗರಿಬೊಮ್ಮನಹಳ್ಳಿಯಿಂದಲೂ ಆರ್ಡರ್ ಬರುತ್ತದೆ. ಅವರಿಗೆ ಓದು ಅಷ್ಟಕ್ಕಷ್ಟೆ. ಆದರೆ ಫೋಟೊ ಮಾತನಾಡುತ್ತದೆ, ವಾಯ್ಸ್ ಮೆಸೇಜ್ ಉಳಿದ ಕೆಲಸ ಮಾಡುತ್ತದೆ. ಯಾವ ಪುಸ್ತಕವೂ ಅವರಿಗೆ ಇಂಥ ಜಾಗ ಕೊಟ್ಟಿರಲಿಲ್ಲ.

ಹಾಗಾದರೆ ಅಪ್ಪ ಕಳೆದುಕೊಂಡದ್ದು ಏನು? ತುಂಬಾ ದಿನ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಹೋದದ್ದು ಕಾಗದವಲ್ಲ, ವಿಚಾರಿಸಿಕೊಂಡು ಬರುತ್ತಿದ್ದ ಮನುಷ್ಯ. ಕೈಪಿಡಿ ತರುವ ಮೊದಲು ಪ್ರೆಸ್ಸಿನ ಹುಡುಗ ಸೈಕಲ್ ಮೇಲೆ ಅಂಗಡಿ ಅಂಗಡಿಗೆ ಬರುತ್ತಿದ್ದನಂತೆ. ‘ಮಾಮಾ, ನಂಬರ್ ಅದೇ ಐತೇನ್ರಿ? ಅಂಗಡಿ ಇಲ್ಲೇ ಇರತೈತೇನ್ರಿ?’ ಎಂದು ಕೇಳಿ ಬರೆದುಕೊಳ್ಳುತ್ತಿದ್ದನಂತೆ. ಹೆಸರು ಸರಿಯಾಗಿರುವುದು ಒಬ್ಬರ ಜವಾಬ್ದಾರಿಯಾಗಿತ್ತು. ಈಗ ಅದೇ ಕೆಲಸ ಅಂಗಡಿಯವರ ತಲೆಗೇ ಬಂದಿದೆ. ಸಮಯ ಬದಲಾದರೆ ಅವರೇ ತಿದ್ದಬೇಕು, ಫೋಟೊ ಅವರೇ ಹಾಕಬೇಕು, ವಿಮರ್ಶೆಗೆ ಉತ್ತರ ಅವರೇ ಬರೆಯಬೇಕು. ಕೈಗೆಲ್ಲ ವಾರ್ನಿಷ್ ಮೆತ್ತಿಕೊಂಡು ಕುಳಿತಿರುವ ಮನುಷ್ಯ ಯಾವಾಗ ಮಾಡಬೇಕು ಇದನ್ನೆಲ್ಲ?

ಹಾಗಾಗಿ ಅದು ಮನೆಯ ಮಕ್ಕಳ ಕೆಲಸವಾಗುತ್ತದೆ. ಮಕ್ಕಳು ಬೆಂಗಳೂರಿಗೋ ದಾವಣಗೆರೆಗೋ ಹೋಗುತ್ತೇವೆ. ಸಿಮ್ ಬದಲಿಸುತ್ತೇವೆ, ಪಾಸ್‌ವರ್ಡ್ ಮರೆಯುತ್ತೇವೆ. ತಿಂಗಳುಗಟ್ಟಲೆ ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ಅಂಗಡಿ ಹಡಗಲಿಯಲ್ಲಿ, ಅದರ ಬೀಗದ ಕೈ ಯಾವುದೋ ಹಾಸ್ಟೆಲ್‌ನ ಟ್ರಂಕಿನಲ್ಲಿ!

ಇನ್ನೊಂದು ತೊಡಕು ಭಾಷೆಯದ್ದು. ನಮ್ಮ ಊರಿನ ಹೆಸರನ್ನೇ ನೋಡಿ. ಕನ್ನಡದಲ್ಲಿ ಬರೆದರೆ ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ ಕೆಲವರು ‘ಹೂ’ಗೆ ಎರಡು ಓ ಹಾಕುತ್ತಾರೆ, ಕೆಲವರು ಒಂದು ಯು ಹಾಕುತ್ತಾರೆ. ‘ಲಿ’ಗೆ ಒಂದು ಎಲ್ ಹಾಕುವವರಿದ್ದಾರೆ, ಎರಡು ಹಾಕುವವರೂ ಇದ್ದಾರೆ. ನಾನಂತೂ ಅಂಗಡಿಯ ಹೆಸರನ್ನು ಇಂಗ್ಲಿಷಿನಲ್ಲಿ ಮಾತ್ರ ಹಾಕಿದ್ದೆ. ರೈತರು ಕನ್ನಡದಲ್ಲಿ ಮಾತನಾಡಿ ಹುಡುಕುತ್ತಾರೆ. 2024ರ ತಿದ್ದುಪಡಿ ಕಾಯ್ದೆ ಬಂದ ಮೇಲೆ ಅಂಗಡಿಯ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು. ಬೋರ್ಡಿಗೆ ಕನ್ನಡ ಬಂತು. ಮೊಬೈಲಿನೊಳಗಿನ ಬೋರ್ಡಿಗೆ ಕನ್ನಡ ಹಾಕಲು ನಮ್ಮನ್ನು ತಡೆದವರು ಯಾರೂ ಇಲ್ಲ, ನಮಗೇ ಹೊಳೆದಿಲ್ಲ.

ಮೂರನೆಯದು ಮೋಸ. ನಮ್ಮ ಎದುರಿನ ಅಂಗಡಿಯ ಕಾಕಾಗೆ ಒಂದು ದಿನ ಹಿಂದಿಮಿಶ್ರಿತ ಕನ್ನಡದಲ್ಲಿ ಕರೆ ಬಂತು. ‘ನಿಮ್ಮ ಅಂಗಡಿ ನಕ್ಷೆಯಿಂದ ಅಳಿಸಿಹೋಗುತ್ತದೆ. ಉಳಿಸಿಕೊಳ್ಳಬೇಕಾದರೆ ಈಗಲೇ ದುಡ್ಡು ಕಟ್ಟಿ’ ಎಂದರು. ಕಾಕಾ ಹೆದರಿ ಮೂರು ಸಾವಿರ ಕಳಿಸಿದರು. ಆ ನಂಬರ್ ಮತ್ತೆ ಎತ್ತಲೇ ಇಲ್ಲ. ಗೂಗಲ್‌ನಲ್ಲಿ ಅಂಗಡಿಯ ವಿವರ ಹಾಕಲು ಒಂದು ಪೈಸೆಯೂ ಬೇಕಿಲ್ಲ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಸೈಬರ್ ವಂಚನೆಯಾದ ಕೂಡಲೇ 1930ಕ್ಕೆ ಕರೆ ಮಾಡಬಹುದು ಎನ್ನುವುದೂ ಗೊತ್ತಿರಲಿಲ್ಲ. ಅವರ ಮಗನೂ ನನ್ನ ಹಾಗೆಯೇ ಹೊರಗೆ ಓದುತ್ತಿದ್ದಾನೆ.

ಬಿಟ್ಟಿ ಸಿಕ್ಕಿದ್ದು ಕೊನೆತನಕ ಇರುತ್ತದೆ ಎನ್ನುವಂತೆಯೂ ಇಲ್ಲ. ಸಣ್ಣ ಅಂಗಡಿಯವರಿಗಾಗಿ ಗೂಗಲ್ ಉಚಿತವಾಗಿ ಪುಟ್ಟ ವೆಬ್‌ಸೈಟ್ ಮಾಡಿಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಆ ವಿಳಾಸವನ್ನೇ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವರ ಕಾರ್ಡು ರದ್ದಿಯಾಯಿತು. ಚಿಗವ್ವನ ವಾಟ್ಸ್‌ಆ್ಯಪ್ ಸ್ಟೇಟಸ್‌ಗಂತೂ 24 ಗಂಟೆಯ ಆಯುಷ್ಯ. ಅವರ ನಂಬರ್ ಇದ್ದವರಿಗಷ್ಟೇ ಅದು ಕಾಣುತ್ತದೆ. ಅಟ್ಟದ ಮೇಲಿನ ಪುಸ್ತಕಕ್ಕೆ ಗೆದ್ದಲು ಹಿಡಿಯಬಹುದು, ಆದರೆ ಯಾರೋ ದೂರದಲ್ಲಿ ಕುಳಿತು ಅದನ್ನು ಅಳಿಸಲಾರರು.

ಇದಕ್ಕೆಲ್ಲ ಪರಿಹಾರ ಮತ್ತೆ ದಪ್ಪ ಪುಸ್ತಕ ಅಚ್ಚು ಹಾಕಿಸುವುದೇ? ನನಗೆ ಹಾಗನ್ನಿಸುವುದಿಲ್ಲ. ಆ ಸೈಕಲ್ ಹುಡುಗನ ಕೆಲಸವನ್ನು ಯಾರಾದರೂ ಮಾಡಬೇಕು, ಅಷ್ಟೆ. ನಮ್ಮ ಪುರಸಭೆ ಅಂಗಡಿಗಳಿಗೆ ಪರವಾನಗಿ ಕೊಡುತ್ತದೆ, ವರ್ಷ ವರ್ಷ ನವೀಕರಣವೂ ಇದೆ. ಅಂದರೆ ಪಟ್ಟಿ ಈಗಾಗಲೇ ಕಚೇರಿಯ ಕಪಾಟಿನಲ್ಲಿದೆ. ಅಂಗಡಿಯವರ ಒಪ್ಪಿಗೆ ಕೇಳಿ ಹೆಸರು, ಕಸುಬು, ಓಣಿ, ನಂಬರ್ ಇಷ್ಟನ್ನು ಕನ್ನಡದಲ್ಲಿ ಪ್ರಕಟಿಸಿದರೆ ಅದೇ ಊರಿನ ಡೈರೆಕ್ಟರಿ. ಪರವಾನಗಿ ಇಲ್ಲದ ಹೂವಿನವರು, ಹೊಲಿಗೆಯವರು, ಪಂಕ್ಚರ್‌ನವರನ್ನು ಸೇರಿಸುವ ಕೆಲಸ ಕಾಲೇಜಿನ ಎನ್‌ಎಸ್‌ಎಸ್ ಘಟಕಗಳದ್ದಾಗಲಿ. ಗಿಡ ನೆಡುವುದು, ಕಸ ಗುಡಿಸುವುದರ ಜೊತೆಗೆ ವರ್ಷಕ್ಕೆ ಎರಡು ದಿನ ಅಂಗಡಿ ಅಂಗಡಿಗೆ ಹೋಗಿ ‘ನಂಬರ್ ಅದೇ ಐತೇನ್ರಿ?’ ಎಂದು ಕೇಳಿದರೆ ಅದೂ ಸೇವೆಯೇ. ಪಟ್ಟಿಯ ಒಂದು ಪ್ರತಿ ಬಸ್ ನಿಲ್ದಾಣದ ಗೋಡೆಗೆ, ಒಂದು ಗ್ರಂಥಾಲಯಕ್ಕೆ, ಒಂದು ಪ್ರತಿ ಎಪಿಎಂಸಿಗೆ. ಸ್ಮಾರ್ಟ್‌ಫೋನ್ ಇಲ್ಲದ ರೈತರಿಗೂ ಆಗ ನಂಬರ್ ಸಿಗುತ್ತದೆ. ಮೊಬೈಲಿನಲ್ಲಿರುವುದು ತಪ್ಪಾದರೆ ಹೋಲಿಸಿ ನೋಡಲು ಊರಿನದೇ ಒಂದು ಪಟ್ಟಿ ಇರುತ್ತದೆ.

ಅಲ್ಲಿಯವರೆಗೆ ನಾವು ಮಕ್ಕಳು ಮಾಡಬಹುದಾದದ್ದೂ ಇದೆ. ನಾನು ಆ ರಜೆಯಲ್ಲೇ ಮಾಡಿದೆ. ಅಂಗಡಿಯ ಹೆಸರಿನಲ್ಲೇ ಹೊಸ ಜಿಮೇಲ್ ತೆರೆದು, ನಕ್ಷೆಯ ಒಡೆತನವನ್ನು ಅದಕ್ಕೆ ವರ್ಗಾಯಿಸಿದೆ. ಪಾಸ್‌ವರ್ಡನ್ನು ಅವ್ವನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟೆ. ನನ್ನ ನಂಬರ್ ತೆಗೆದು ಅಪ್ಪನ ಬಟನ್ ಫೋನಿನ ನಂಬರ್ ಹಾಕಿದೆ. ಹೆಸರನ್ನು ಕನ್ನಡದಲ್ಲೂ ಬರೆದೆ. ಆ ಎರಡು ಒಂಟಿ ನಕ್ಷತ್ರಗಳ ಕೆಳಗೆ, ‘ತಪ್ಪು ಅಂಗಡಿಯದ್ದಲ್ಲ, ನಂಬರ್ ಹಾಕಿದ ಮಗಳದ್ದು. ಕ್ಷಮಿಸಿ’ ಎಂದು ಉತ್ತರ ಬರೆದೆ. ಎಲ್ಲ ಸೇರಿ ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಕಾಕಾನ ಅಂಗಡಿಯದ್ದನ್ನೂ ಸರಿ ಮಾಡಿಕೊಟ್ಟೆ. ಅವರು ಚಹಾ ತರಿಸಿದರು.

ಈ ಪುಟ ಓದುತ್ತಿರುವ ನಿಮ್ಮಲ್ಲಿ ಅನೇಕರ ಮನೆಯಲ್ಲೂ ಒಂದು ಅಂಗಡಿ ಇರಬಹುದು. ಊರು ಕೂಡ್ಲಿಗಿಯೋ, ಕೊಟ್ಟೂರೋ, ಹರಪನಹಳ್ಳಿಯೋ ಇದ್ದೀತು. ಈಗಲೇ ಮೊಬೈಲ್ ತೆಗೆದು ಅದರ ಹೆಸರು ಹುಡುಕಿ, ಅಲ್ಲಿರುವ ನಂಬರ್‌ಗೆ ಒಮ್ಮೆ ಕರೆ ಮಾಡಿ. ನಿಮ್ಮದೇ ಫೋನ್ ರಿಂಗಾದರೆ, ಎಷ್ಟು ಜನ ನಿಮ್ಮ ಅಪ್ಪನನ್ನು ಹುಡುಕಿ ಸಿಗದೆ ಬೇರೆ ಊರಿನ ದಾರಿ ಹಿಡಿದಿದ್ದಾರೋ ಯೋಚಿಸಿ.

ಮೊನ್ನೆ ಬೆಳಿಗ್ಗೆ ಐದೂವರೆಗೆ ಅವ್ವನಿಗೆ ಫೋನ್ ಮಾಡಿದ್ದೆ. ಹಿಂದಿನಿಂದ ಅಪ್ಪನ ದನಿ ಕೇಳುತ್ತಿತ್ತು: ‘ತರ್ರಿ, ತರ್ರಿ. ಅಂಗಡಿ ತಗದೇತಿ.’