ಸಂದೇಹವಾದಿಯ ಕೊಡಲಿ ನಮ್ಮ ಕೈಯಲ್ಲಿ

ಧ್ಯಾನಕೂಟಗಳಲ್ಲೂ ಯುವಜನರ ಶಿಬಿರಗಳಲ್ಲೂ ಒಂದು ವಾದ ಪದೇ ಪದೇ ಕಿವಿಗೆ ಬೀಳುತ್ತಿದೆ. "ಬಸ್ಸು ಹತ್ತುವಾಗ ಚಾಲಕನ ಲೈಸೆನ್ಸ್ ಕೇಳುತ್ತೀರಾ? ಸುಮ್ಮನೆ ನಂಬುತ್ತೀರಿ. ವಿಜ್ಞಾನವೂ ನಂಬಿಕೆಯೇ. ಯಾವುದನ್ನೂ ಖಚಿತವಾಗಿ ಅರಿಯಲಾಗದ ಮೇಲೆ ದೇವರನ್ನೂ ನಂಬಿಬಿಡಿ." ಚಪ್ಪಾಳೆ ಬೀಳುತ್ತದೆ. ಒಮ್ಮೆ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಫಾದರ್, ತಾಯಿತ ಮಾರುವವನೂ ಹೀಗೆಯೇ ಹೇಳಬಹುದಲ್ಲವೇ?" ಎಂದ. ಬೋಧಕರು ನಕ್ಕು ಅವನನ್ನು ಕೂರಿಸಿದರು. ಸಂದೇಹವಾದಿಯ ಕೊಡಲಿಯನ್ನು ಎರವಲು ತಂದು ನಾವು ಕುಳಿತ ಕೊಂಬೆಗೇ ಹಾಕುವ ಈ ಪೆಟ್ಟನ್ನು ವಿಶ್ವಾಸದ ಸಮರ್ಥನೆಯೆಂದು ನಾನು ಒಪ್ಪಲಾರೆ.

ವಾದದಲ್ಲಿ ಅರ್ಧ ಸತ್ಯವಿದೆ, ನಿಜ. ತನ್ನ ತಂದೆತಾಯಿ ಯಾರೆಂಬುದನ್ನೂ ಇತರರ ಮಾತಿನಿಂದಲೇ ಅರಿತೆನೆಂದು ಸಂತ ಅಗಸ್ಟೀನರು ಒಪ್ಪಿಕೊಂಡಿದ್ದಾರೆ. ಆದರೆ ಏನನ್ನೂ ಅರಿಯಲಾಗದೆಂಬ ಪಂಥದ ವಿರುದ್ಧ 386ರಲ್ಲಿ ಗ್ರಂಥವನ್ನೇ ರಚಿಸಲು ತೊಡಗಿದವರೂ ಅವರೇ.

ಇತ್ತ ಸಾಕಷ್ಟು ಆಧಾರವಿಲ್ಲದೆ ಏನನ್ನು ನಂಬುವುದೂ ಅಪರಾಧವೆಂದು 1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್ ವಾದಿಸಿದ. ಹಳೆಯ ಹಡಗಿನ ಬಗೆಗೆ ತನಗಿದ್ದ ಅನುಮಾನವನ್ನು ಅದುಮಿಟ್ಟು ಪ್ರಯಾಣಿಕರನ್ನು ಕಡಲಿಗೆ ಕಳುಹಿಸುವ ಮಾಲೀಕ ಅವನ ಉದಾಹರಣೆ. ಆ ಮಾಲೀಕ ದೋಷಿಯೇ. ಇಲ್ಲಿ ನಾನು ಕ್ಲಿಫರ್ಡನ ಪಕ್ಷ. ಆದರೆ 'ಸಾಕಷ್ಟು' ಎಂದರೆ ರೇಖಾಗಣಿತದ ಸಾಧನೆಯೇ ಆಗಬೇಕೆ? ಇದನ್ನು ಸಂತ ನ್ಯೂಮನ್ನರು 1870ರಲ್ಲೇ ಪರಿಶೀಲಿಸಿದ್ದರು. ಬ್ರಿಟನ್ ಒಂದು ದ್ವೀಪ. ಅದನ್ನು ಸುತ್ತಿ ನೋಡಿದವರೆಷ್ಟು ಮಂದಿ? ಆದರೂ ಯಾರಿಗೂ ಸಂಶಯವಿಲ್ಲ. ನಕಾಶೆ, ನಾವಿಕರ ಮಾತು, ಚರಿತ್ರೆ, ಎಲ್ಲವೂ ಒಂದೇ ಕಡೆಗೆ ಕೈತೋರುತ್ತವೆ. ತೆಂಗಿನ ನಾರಿನ ಒಂದೊಂದು ಎಳೆಯನ್ನು ಮಗುವೂ ಹರಿಯಬಲ್ಲದು. ಹೊಸೆದ ಹಗ್ಗ ದೋಣಿಯನ್ನೇ ಹಿಡಿದು ನಿಲ್ಲಿಸುತ್ತದೆ.

ಬಸ್ಸಿನ ಪ್ರಯಾಣಿಕನ ಭರವಸೆಯೂ ಇಂಥದೇ. ನಿನ್ನೆಯ ಪ್ರಯಾಣ, ನಿರ್ವಾಹಕನ ಪರಿಚಯ, ಸಾರಿಗೆ ನಿಯಮಗಳು ಅದರ ಎಳೆಗಳು. ಚಾಲಕನ ಬಾಯಿಂದ ಸಾರಾಯಿಯ ವಾಸನೆ ಬಂದರೆ ಅವನು ಇಳಿದುಬಿಡುತ್ತಾನೆ. ಕುರುಡು ನಂಬಿಕೆಗೆ ಇಳಿಯುವುದು ತಿಳಿಯದು.

ಸೃಷ್ಟಿಯ ಮೂಲಕ ದೇವರನ್ನು ಮಾನವ ಬುದ್ಧಿಯು ಖಚಿತವಾಗಿ ಅರಿಯಬಲ್ಲದೆಂದು ಮೊದಲನೆಯ ವ್ಯಾಟಿಕನ್ ಮಹಾಸಭೆ ಸಾರಿದ್ದೂ ಅದೇ 1870ರಲ್ಲಿ. 2025ರ ನವೆಂಬರ್ 1ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ನ್ಯೂಮನ್ನರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದ್ದಾರೆ. ನಮ್ಮ ವೇದಿಕೆಗಳಿಗೆ ಆ ಸುದ್ದಿ ಇನ್ನೂ ತಲುಪಿದಂತಿಲ್ಲ. ಬುದ್ಧಿಯನ್ನು ಹೀಯಾಳಿಸಲು ಕಲಿತ ಯುವಕ ನಾಳೆ ಯಾವ ತೈಲಕ್ಕೆ, ಮೊಬೈಲಿನಲ್ಲಿ ಬಂದ ಯಾವ ಪವಾಡಕ್ಕೆ ಕೈ ಚಾಚುವನೋ?

ಕೊರಿಂಥದವರಿಗೆ ಬರೆಯುವಾಗ ಸಂತ ಪೌಲರು ಈ ಅಡ್ಡದಾರಿ ಹಿಡಿಯಲಿಲ್ಲ. ಪುನರುತ್ಥಾನಗೊಂಡ ಪ್ರಭುವನ್ನು ಕಂಡವರನ್ನು ಪಟ್ಟಿಮಾಡಿ, ಆ ಐನೂರಕ್ಕೂ ಮಿಕ್ಕ ಸೋದರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದು ಸೇರಿಸಿದರು. ಬೇಕಾದರೆ ಹೋಗಿ ವಿಚಾರಿಸಿರಿ ಎಂಬುದಲ್ಲದೆ ಅದಕ್ಕೆ ಬೇರೇನು ಅರ್ಥ? ಹಿಂದಿನ ಸಾಲಿನ ಆ ಹುಡುಗನಿಗೆ ಅಂದು ಸಲ್ಲಬೇಕಾಗಿದ್ದುದು ಇಂಥ ಉತ್ತರ.